ಮಧುಮೇಹವೂ ಮುಪ್ಪಿನ ಮರೆವೂ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯು ನಮ್ಮಲ್ಲಿ ರೂಢಿಯಲ್ಲಿದೆ. ಮನೆಯ ಹಿರಿಯರು ಆಡಿದ ಮಾತನ್ನೇ ಆಡಿದರೆ, ನುಂಗಿದ ಗುಳಿಗೆಯನ್ನು ಮರೆತು ಮತ್ತೆ ಕೇಳಿದರೆ, ಈ ಗಾದೆಯನ್ನು ಸ್ಮರಿಸಿ ನಾವು ಸುಮ್ಮನಾಗುತ್ತೇವೆ. ಆದರೆ ಅವರು ಮಧುಮೇಹಿಗಳಾಗಿದ್ದ ಪಕ್ಷದಲ್ಲಿ ಈ ಔದಾಸೀನ್ಯವು ಅಪಾಯಕರ. ಇದರ ಕಾರಣವನ್ನು ಇಲ್ಲಿ ಪರಿಶೀಲಿಸೋಣ.

ಮಿದುಳಿನ ತೂಕವು ದೇಹದ ತೂಕದಲ್ಲಿ ಶೇಕಡ 2ರಷ್ಟು ಮಾತ್ರ. ಆದರೂ ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲು, ಎಂದರೆ ಸರಿಸುಮಾರು 20 ವಾಟ್, ಅದೊಂದಕ್ಕೇ ಬೇಕು. ಈ ದೀಪದ ಎಣ್ಣೆಯೇ ರಕ್ತದಲ್ಲಿರುವ ಗ್ಲೂಕೋಸ್. ಮಿದುಳಿನಲ್ಲಿ ಇದರ ಸಂಗ್ರಹವು ಅತ್ಯಲ್ಪ. ಆದುದರಿಂದ ಅದು ಕ್ಷಣಕ್ಷಣವೂ ರಕ್ತಪ್ರವಾಹವನ್ನೇ ನೆಚ್ಚಿರಬೇಕಾಗುತ್ತದೆ.

ರಕ್ತದ ಸಕ್ಕರೆಯನ್ನು ಹದದಲ್ಲಿಡುವುದು ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯ ಕಾರ್ಯ. ಈ ಗ್ರಂಥಿಯಲ್ಲಿ ಚದುರಿರುವ ಕಣದ್ವೀಪಗಳನ್ನು 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ ಗುರುತಿಸಿದನು. ಅಲ್ಲಿ ಹುಟ್ಟುವ ಇನ್ಸುಲಿನ್ ಸಕ್ಕರೆಯನ್ನು ಇಳಿಸುತ್ತದೆ. ಗ್ಲುಕಗಾನ್ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಿಡಿಸಿ ಏರಿಸುತ್ತದೆ. ಮಿದುಳು ಬಹುಮಟ್ಟಿಗೆ ಇನ್ಸುಲಿನ್ನಿನ ನೆರವಿಲ್ಲದೆಯೇ ಗ್ಲೂಕೋಸನ್ನು ಹೀರಬಲ್ಲದು. ಆದರೂ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನಲ್ಲಿ ಇನ್ಸುಲಿನ್ ಗ್ರಾಹಕಗಳು ಹೇರಳವಾಗಿವೆ. ಈ ಹಾರ್ಮೋನು ಅಲ್ಲಿ ಇಂಧನದ ವಾಹಕವಾಗಿರದೆ ಸಂದೇಶವಾಹಕವಾಗಿ ವರ್ತಿಸುತ್ತದೆ.

ಮಧುಮೇಹದಲ್ಲಿ ಈ ತಕ್ಕಡಿಯು ಕೆಡುತ್ತದೆ. ಬಹುಕಾಲ ಏರಿಯೇ ಉಳಿದ ಸಕ್ಕರೆಯು ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನು ಹಾಳುಗೆಡಹುತ್ತದೆ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ 6,000ಕ್ಕೂ ಹೆಚ್ಚು ವೃದ್ಧರನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ವರದಿಯಂತೆ, ಮಧುಮೇಹಿಗಳಲ್ಲಿ ಬುದ್ಧಿಮಾಂದ್ಯದ ಸಂಭವವು ಇತರರಿಗಿಂತ ಹೆಚ್ಚುಕಡಿಮೆ ಇಮ್ಮಡಿ.

ಹಾಗಾದರೆ ಸಕ್ಕರೆಯನ್ನು ಸಾಧ್ಯವಾದಷ್ಟೂ ಇಳಿಸಿದರೆ ಕ್ಷೇಮವೇ? ಅಲ್ಲ. ಅತಿ ಬಿಗಿಯಾದ ಹತೋಟಿಯಿಂದ ನೆನಪಿನ ಶಕ್ತಿಗೆ ಲಾಭವಾಗಲಿಲ್ಲವೆಂದು 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿತು. ಸಕ್ಕರೆ ಮಿತಿಮೀರಿ ಇಳಿದಾಗ ಬೆವರು, ನಡುಕಗಳು ಎಚ್ಚರಿಕೆ ಕೊಡುತ್ತವೆ. ಮುಪ್ಪಿನಲ್ಲಿ ಇವು ಮಂದವಾಗಿ, ತೊದಲುಮಾತು, ದಿಗ್ಭ್ರಮೆಗಳೇ ಮೊದಲು ಕಾಣಿಸಬಹುದು. ನೋಡುವವರಿಗೆ ಅದು ಅರಳುಮರಳಿನಂತೆಯೇ ತೋರುತ್ತದೆ! ಮರೆವಿನಿಂದ ಎರಡನೆಯ ಬಾರಿ ಔಷಧಸೇವನೆ, ಅದರಿಂದ ಸಕ್ಕರೆಯ ಕುಸಿತ, ಕುಸಿತದಿಂದ ಮಿದುಳಿಗೆ ಮತ್ತಷ್ಟು ಪೆಟ್ಟು: ಹೀಗೊಂದು ವಿಷಚಕ್ರವು ಉಂಟಾಗಬಹುದು.

ಆದ್ದರಿಂದ ಮಧುಮೇಹಿಯಾದ ವೃದ್ಧರು ಇದ್ದಕ್ಕಿದ್ದಂತೆ ಗೊಂದಲಗೊಂಡರೆ ಒಡನೆಯೇ ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು. 100 ಮಿಲಿಲೀಟರಿಗೆ 70 ಮಿಲಿಗ್ರಾಮಿಗಿಂತ ಕಡಿಮೆಯಿದ್ದು, ಅವರು ನುಂಗಬಲ್ಲವರಾಗಿದ್ದರೆ, ಸುಮಾರು 15 ಗ್ರಾಮ್ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಲಾಗದು. ಎಚ್ಚರ ತಪ್ಪಿದಾಗಲೂ, ಸಕ್ಕರೆ ಸರಿಯಿದ್ದೂ ಗೊಂದಲ ತೋರಿದಾಗಲೂ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗುಳಿಗೆಗಳ ಲೆಕ್ಕವನ್ನು ಮನೆಯ ಮತ್ತೊಬ್ಬರು ಇಟ್ಟುಕೊಳ್ಳುವುದು ಲೇಸು. ಮುಪ್ಪನ್ನು ನಾವು ತಡೆಯಲಾರೆವು. ಆದರೆ ಮುಪ್ಪಿನ ಹೆಸರಿನಲ್ಲಿ ರೋಗವನ್ನು ಉಪೇಕ್ಷಿಸುವುದನ್ನು ಖಂಡಿತವಾಗಿಯೂ ತಡೆಯಬಲ್ಲೆವು.