ನ್ಯೂಜೆರ್ಸಿಯ ನಾಯಿ-ಬೆಕ್ಕಿಗೆ ಎಷ್ಟು ಸೂಜಿ?

1885ರ ಡಿಸೆಂಬರ್ ತಿಂಗಳ ಆರಂಭದಲ್ಲಿ ನ್ಯೂಜೆರ್ಸಿಯ ನ್ಯೂಅರ್ಕ್ ಊರಿನಲ್ಲಿ ನಾಯಿಯೊಂದು ಬೀದಿಯಲ್ಲಿ ಸಿಕ್ಕ ಮಕ್ಕಳನ್ನು ಕಚ್ಚಿತು. ಹುಚ್ಚುನಾಯಿ ಎಂಬ ಗುಲ್ಲು ಹಬ್ಬಿತು. ಅದೇ ವರ್ಷದ ಜುಲೈನಲ್ಲಿ ಪ್ಯಾರಿಸ್ಸಿನ ಲೂಯಿ ಪ್ಯಾಶ್ಚರ್ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಹೊಸ ಲಸಿಕೆ ಕೊಟ್ಟು ಉಳಿಸಿದ ಸುದ್ದಿ ಅಟ್ಲಾಂಟಿಕ್ ದಾಟಿ ಬಂದಿತ್ತಷ್ಟೆ. ಊರಿನ ವೈದ್ಯರೊಬ್ಬರು ಪತ್ರಿಕೆಯ ಮೂಲಕ ಜನರಲ್ಲಿ ಹಣ ಬೇಡಿದರು. ಹಣ ಕೂಡಿತು. ನಾಲ್ವರು ಹುಡುಗರು ಹಡಗು ಹತ್ತಿ ಪ್ಯಾರಿಸ್ಸಿಗೆ ಹೋಗಿ ಲಸಿಕೆ ಪಡೆದು ಜನವರಿಯಲ್ಲಿ ಗಟ್ಟಿಮುಟ್ಟಾಗಿ ಮರಳಿದರು. ಅವರನ್ನು ನ್ಯೂಯಾರ್ಕಿನ ಬವರಿ ಬೀದಿಯಲ್ಲಿ ಟಿಕೆಟ್ ಇಟ್ಟು ಜನರಿಗೆ ತೋರಿಸಿದರು. ಅಮೆರಿಕನ್ನರು ದುಡ್ಡು ಕೊಟ್ಟು ನೋಡಿದ ಮೊದಲ ಲಸಿಕೆಯ ಫಲ ಅದೇ ಇರಬೇಕು.

ಇವತ್ತು ಅದೇ ನ್ಯೂಅರ್ಕಿನ ವಿಮಾನ ನಿಲ್ದಾಣದಲ್ಲಿ ಮೈಸೂರು, ಹಾಸನ, ಶಿವಮೊಗ್ಗದ ಅಪ್ಪ-ಅಮ್ಮಂದಿರು ಚಟ್ನಿಪುಡಿಯ ಡಬ್ಬಗಳ ಜೊತೆ ಇಳಿಯುತ್ತಾರೆ. ಎಡಿಸನ್ನಿನಲ್ಲೋ ಪ್ಲೇನ್ಸ್‌ಬೊರೊದಲ್ಲೋ ಮಗನ ಮನೆಯ ಬಾಗಿಲು ತೆರೆದರೆ ಮೊದಲು ಓಡಿಬರುವುದು ಮೊಮ್ಮಗಳಲ್ಲ, ಗೋಲ್ಡನ್ ರಿಟ್ರೀವರ್. ಅಜ್ಜಿಯ ಮೊದಲ ಮಾತು ಬಹುತೇಕ ಮನೆಗಳಲ್ಲಿ ಒಂದೇ: "ಕಚ್ಚಿಗಿಚ್ಚಿದ್ರೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಕಣೋ!"

ಆ ಹದಿನಾಲ್ಕು ಕಟ್ಟುಕಥೆಯಲ್ಲ. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ, ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಲಸಿಕೆಯನ್ನು ಹೊಟ್ಟೆಗೆ ದಿನಕ್ಕೊಂದರಂತೆ ಚುಚ್ಚುತ್ತಿದ್ದರು. ಭಾರತ ಅದರ ತಯಾರಿಕೆ ನಿಲ್ಲಿಸಿದ್ದು 2004ರಲ್ಲಿ. ಈಗ ತೋಳಿಗೆ ನಾಲ್ಕೈದು ಸೂಜಿ, ಗಾಯದ ಗಂಭೀರತೆ ನೋಡಿ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಷ್ಟೆ. ಆದರೂ ಒಂದು ಪೀಳಿಗೆಯ ಹೊಟ್ಟೆಯಲ್ಲಿ ಆ ಹೆದರಿಕೆ ಉಳಿದುಬಿಟ್ಟಿದೆ. ತೊಂದರೆ ಇರುವುದು ಇಲ್ಲೇ. ಊರಿನ ಬೀದಿನಾಯಿಯ ಭಯವನ್ನು ಸೂಟ್‌ಕೇಸಿನಲ್ಲಿ ತಂದ ನಾವು ಇಲ್ಲಿ ಯಾವುದಕ್ಕೆ ಹೆದರಬೇಕು ಎಂಬುದನ್ನು ಕೇಳಿಕೊಂಡಿಲ್ಲ.

ಅಮೆರಿಕದಲ್ಲಿ ನಾಯಿಯಿಂದ ನಾಯಿಗೆ ಹರಡುವ ರೇಬಿಸ್ ತಳಿ ಇಲ್ಲವಾಗಿದೆ ಎಂದು ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2007ರಲ್ಲೇ ಘೋಷಿಸಿತು. ಇಲ್ಲಿ ವೈರಾಣು ಇರುವುದು ಕಾಡುಪ್ರಾಣಿಗಳಲ್ಲಿ: ರಕೂನ್, ಸ್ಕಂಕ್, ನರಿ, ಬಾವಲಿ. ರಕೂನ್ ರೇಬಿಸ್ ಈ ಕಡೆ ಬಂದದ್ದಂತೂ ಮನುಷ್ಯರ ಕೈಯಾರೆ. ಬೇಟೆಯ ಖಯಾಲಿಗೆ ಆಗ್ನೇಯ ರಾಜ್ಯಗಳಿಂದ ರಕೂನ್‌ಗಳನ್ನು ಸಾಗಿಸಿ ವರ್ಜೀನಿಯಾ ಗಡಿಯ ಕಾಡುಗಳಲ್ಲಿ ಬಿಟ್ಟರು. 1970ರ ದಶಕದ ಕೊನೆಯಲ್ಲಿ ಅಲ್ಲಿ ಹೊತ್ತಿಕೊಂಡ ಸೋಂಕು ಉತ್ತರಕ್ಕೆ ಸರಿಯುತ್ತ 1989ರಲ್ಲಿ ನ್ಯೂಜೆರ್ಸಿಗೆ, ಮರುವರ್ಷ ನ್ಯೂಯಾರ್ಕ್ ರಾಜ್ಯಕ್ಕೆ ಕಾಲಿಟ್ಟಿತು. 2009ರಿಂದ 2011ರ ನಡುವೆ ಮ್ಯಾನ್‌ಹಟನ್ ನಡುವಿನ ಸೆಂಟ್ರಲ್ ಪಾರ್ಕಿನ ಸುತ್ತಮುತ್ತ ನೂರಕ್ಕೂ ಹೆಚ್ಚು ರಕೂನ್‌ಗಳಿಗೆ ರೇಬಿಸ್ ಇರುವುದು ಪತ್ತೆಯಾಯಿತು. ನಗರದ ಆರೋಗ್ಯ ಇಲಾಖೆ ಬೋನಿಟ್ಟು ನೂರಾರು ರಕೂನ್ ಹಿಡಿಸಿ, ಲಸಿಕೆ ಹಾಕಿಸಿ, ಕಿವಿಗೆ ಗುರುತಿನ ಓಲೆ ಚುಚ್ಚಿ ಮತ್ತೆ ಪಾರ್ಕಿಗೇ ಬಿಡಿಸಿತು. ಕಸದ ಡಬ್ಬಿ ಮಗುಚುವ ಈ ಕಳ್ಳಮೂತಿಯ ಪ್ರಾಣಿ ನಮ್ಮ ಹಿತ್ತಲುಗಳಿಗೂ ಬರುತ್ತದೆ. ಸಂಜೆ ಬಿಟ್ಟ ನಾಯಿ ಅದನ್ನು ಅಟ್ಟಿಸಿಕೊಂಡು ಹೋಗದೆ ಇರುತ್ತದೆಯೆ?

ಅದಕ್ಕೇ ಇಲ್ಲಿ ರೇಬಿಸ್ ಲಸಿಕೆ ಮಾಲೀಕರ ಇಷ್ಟಕ್ಕೆ ಬಿಟ್ಟ ಮಾತಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ನಾಲ್ಕು ತಿಂಗಳು ತುಂಬುವುದರೊಳಗೆ ನಾಯಿಗೂ ಬೆಕ್ಕಿಗೂ ಅದು ಕಡ್ಡಾಯ. ನ್ಯೂಜೆರ್ಸಿಯಲ್ಲಿ ಏಳು ತಿಂಗಳು ದಾಟಿದ ನಾಯಿಗೆ ಪ್ರತಿ ವರ್ಷ ಟೌನ್‌ಶಿಪ್ ಕಚೇರಿಯಿಂದ ಲೈಸೆನ್ಸ್ ಪಡೆಯಬೇಕು, ಲಸಿಕೆಯ ಪ್ರಮಾಣಪತ್ರ ಇಲ್ಲದೆ ಲೈಸೆನ್ಸ್ ಸಿಗದು. ಇದರಲ್ಲಿ ಒಂದು ಕೊಕ್ಕೆ ಇದೆ. ಲೈಸೆನ್ಸಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ ಹತ್ತು ತಿಂಗಳು ಲಸಿಕೆ ಚಾಲ್ತಿಯಲ್ಲಿರಬೇಕು. "ಇನ್ನೂ ಜೂನ್‌ವರೆಗೆ ಇದೆಯಲ್ಲ ಸ್ವಾಮಿ" ಎಂದು ಜನವರಿಯಲ್ಲಿ ಕೌಂಟರಿನ ಮುಂದೆ ವಾದಿಸಿದವರು ನಾಯಿಗೆ ಮತ್ತೆ ಸೂಜಿ ಹಾಕಿಸಿಯೇ ಬರಬೇಕಾಗುತ್ತದೆ. ದುಡ್ಡಿನ ಚಿಂತೆ ಬೇಡ. ನ್ಯೂಜೆರ್ಸಿಯ ಟೌನ್‌ಶಿಪ್‌ಗಳು ಅಗ್ನಿಶಾಮಕ ಠಾಣೆಯಲ್ಲೋ ಪುರಸಭೆಯ ಗ್ಯಾರೇಜಿನಲ್ಲೋ ಉಚಿತ ರೇಬಿಸ್ ಶಿಬಿರ ನಡೆಸುತ್ತವೆ. ಚಳಿಯಲ್ಲಿ ಕೋಟು ತೊಟ್ಟ ನಾಯಿಗಳ ಸಾಲು ನಮ್ಮ ಪಡಿತರ ಅಂಗಡಿಯ ಸಾಲಿಗಿಂತ ಶಿಸ್ತಾಗಿರುತ್ತದೆ.

ಬೆಕ್ಕಿನ ವಿಷಯದಲ್ಲಿ ನ್ಯೂಜೆರ್ಸಿಯ ಕಾನೂನು ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಈಗ ಪ್ರತಿ ವರ್ಷ ರೇಬಿಸ್ ಪತ್ತೆಯಾಗುವ ಸಾಕುಪ್ರಾಣಿಗಳಲ್ಲಿ ನಾಯಿಗಿಂತ ಬೆಕ್ಕೇ ಹೆಚ್ಚು. ಆದರೆ ಈ ರಾಜ್ಯದ ಕಾನೂನು ನಾಯಿಯ ಬೆನ್ನು ಹತ್ತಿ, ಬೆಕ್ಕನ್ನು ಆಯಾ ಟೌನ್‌ಶಿಪ್ಪಿನ ವಿವೇಚನೆಗೆ ಬಿಟ್ಟಿದೆ. "ನಮ್ಮದು ಮನೆಯೊಳಗಿನ ಬೆಕ್ಕು, ಹೊಸಿಲು ದಾಟಲ್ಲ" ಎನ್ನುವವರು ಒಂದನ್ನು ನೆನಪಿಡಬೇಕು. ಅಟ್ಟದಿಂದ ಬಾವಲಿ ಒಳಗೆ ಬಂದರೆ ಮೊದಲು ಹಾರಿ ಹಿಡಿಯುವುದು ಅದೇ ಬೆಕ್ಕು. ಲಸಿಕೆ ಚಾಲ್ತಿಯಲ್ಲಿದ್ದರೆ ಕೂಡಲೇ ಒಂದು ಬೂಸ್ಟರ್ ಮತ್ತು 45 ದಿನಗಳ ನಿಗಾ ಸಾಕು. ಲಸಿಕೆಯನ್ನೇ ಕಾಣದ ಪ್ರಾಣಿಯಾದರೆ ತಿಂಗಳುಗಟ್ಟಲೆ ಕಟ್ಟುನಿಟ್ಟಿನ ಪ್ರತ್ಯೇಕವಾಸ, ಇಲ್ಲವೇ ದಯಾಮರಣ.

ಇನ್ನು ಮರಿಗಳ ಮಾತು. ಹೊಸ ಮರಿಯನ್ನು ವೆಟ್ ಬಳಿ ಕರೆದೊಯ್ದರೆ ಮೂರು-ನಾಲ್ಕು ವಾರಕ್ಕೊಮ್ಮೆ ಬನ್ನಿ, ಹದಿನಾರು ವಾರ ಆಗುವವರೆಗೂ ಬರುತ್ತಿರಿ ಎನ್ನುತ್ತಾರೆ. ಇದು ಬಿಲ್ ಬೆಳೆಸುವ ಉಪಾಯವೆಂದು ಅನುಮಾನಿಸುವವರು ಬಹಳ. ಕಾರಣ ಇರುವುದು ಗಿಣ್ಣುಹಾಲಿನಲ್ಲಿ. ಹುಟ್ಟಿದ ದಿನ ಕುಡಿದ ಗಿಣ್ಣಿನ ಮೂಲಕ ತಾಯಿಯ ಪ್ರತಿಕಾಯಗಳು ಮರಿಗೆ ಬರುತ್ತವೆ. ಅವು ರೋಗದ ವೈರಾಣುವನ್ನು ತಡೆಯುವ ಹಾಗೆಯೇ ಲಸಿಕೆಯಲ್ಲಿರುವ ದುರ್ಬಲ ವೈರಾಣುವನ್ನೂ ಹೊಡೆದುಹಾಕುತ್ತವೆ. ಆಗ ಲಸಿಕೆ ವ್ಯರ್ಥ. ತಾಯಿಯ ರಕ್ಷಣೆ ಒಂದು ಮರಿಯಲ್ಲಿ ಎಂಟನೇ ವಾರಕ್ಕೆ ಇಳಿದರೆ ಅದರ ಒಡಹುಟ್ಟಿದ್ದರಲ್ಲಿ ಹದಿನಾಲ್ಕನೇ ವಾರಕ್ಕೆ ಇಳಿಯಬಹುದು. ಹೊರಗಿನಿಂದ ನೋಡಿ ಹೇಳಲಾಗದು. ಹಾಗಾಗಿ ಬಾಗಿಲು ತೆರೆಯುವವರೆಗೆ ಮತ್ತೆ ಮತ್ತೆ ತಟ್ಟುತ್ತಾರೆ. ಹದಿನಾರು ವಾರದ ಆ ಕೊನೆಯ ಸೂಜಿಯನ್ನು ತಪ್ಪಿಸಿದವರು ಹಿಂದಿನವನ್ನೆಲ್ಲ ಹೊಳೆಯಲ್ಲಿ ಹಾಕಿದಂತಾಗಬಹುದು.

ಈ ಸೂಜಿಯಲ್ಲಿ ಇರುವುದು ಡಿಸ್ಟೆಂಪರ್, ಅಡಿನೊವೈರಸ್, ಪಾರ್ವೊ. ಪಾರ್ವೊ ಎಂಬ ರಕ್ತಭೇದಿಯ ಪೀಡೆ ಜಗತ್ತಿನಾದ್ಯಂತ ನಾಯಿಗಳ ಮೇಲೆ ಎರಗಿದ್ದು 1978ರಲ್ಲಿ. ಬೆಕ್ಕುಗಳ ಪ್ಯಾನ್‌ಲ್ಯೂಕೋಪೀನಿಯಾ ವೈರಾಣುವಿನ ಹತ್ತಿರದ ಸಂಬಂಧಿ ಅದು. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದ ಬೇಕರ್ ಸಂಸ್ಥೆಯಲ್ಲಿ ಲೀಲಂಡ್ ಕಾರ್‌ಮೈಕಲ್ ಮತ್ತು ಮ್ಯಾಕ್ಸ್ ಅಪೆಲ್ ತಂಡ ಕೆಲವೇ ವರ್ಷಗಳಲ್ಲಿ ಅದಕ್ಕೆ ಲಸಿಕೆ ಸಿದ್ಧಮಾಡಿತು. "ಊರಲ್ಲಿ ನಮ್ಮ ಕರಿಯ ಒಂದು ಸೂಜಿಯೂ ಇಲ್ಲದೆ ಹನ್ನೆರಡು ವರ್ಷ ಬದುಕಿದ್ದ" ಎನ್ನುವ ಮಾವನವರಿಗೆ ಹೇಳಬೇಕಾದದ್ದು ಇಷ್ಟೇ: ಕರಿಯ ನೆನಪಿದ್ದಾನೆ, ಅವನ ಜೊತೆ ಹುಟ್ಟಿ ಭೇದಿಯಾಗಿ ಸತ್ತ ಮರಿಗಳನ್ನು ಯಾರೂ ಎಣಿಸಿಲ್ಲ. ಮರಿಯಾಗಿದ್ದಾಗ ಸರಿಯಾಗಿ ಹಾಕಿಸಿ, ವರ್ಷದ ನಂತರ ಒಂದು ಬೂಸ್ಟರ್ ಕೊಡಿಸಿದ ಮೇಲೆ ಈ ಲಸಿಕೆಗಳು ಮೂರು ವರ್ಷಕ್ಕೊಮ್ಮೆ ಸಾಕು. ರೇಬಿಸ್‌ನದೂ ಅದೇ ಲೆಕ್ಕ: ಮೊದಲನೆಯದು ಒಂದು ವರ್ಷಕ್ಕೆ, ಆಮೇಲೆ ಮೂರು ವರ್ಷದ್ದು. ವರ್ಷ ವರ್ಷ ಎಲ್ಲವನ್ನೂ ಚುಚ್ಚಬೇಕೆಂದರೆ ಏಕೆಂದು ಕೇಳುವ ಹಕ್ಕು ನಿಮಗಿದೆ.

ವರ್ಷಕ್ಕೊಮ್ಮೆ ಬೇಕಾಗುವುದು ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆಗಳು, ಅವುಗಳ ರಕ್ಷಣೆ ಬೇಗ ಸವೆಯುತ್ತದೆ. ಕರಾವಳಿ-ಮಲೆನಾಡಿನವರಿಗೆ ಇಲಿಜ್ವರ ಹೊಸದಲ್ಲ. ಅದೇ ಲೆಪ್ಟೊಸ್ಪೈರೋಸಿಸ್ ನ್ಯೂಯಾರ್ಕಿನಲ್ಲೂ ಇದೆ. ಇಲಿಗಳ ನಗರದಲ್ಲಿ ಇರದಿರುತ್ತದೆಯೆ? 2023ರಲ್ಲಿ ನ್ಯೂಯಾರ್ಕ್ ನಗರದಲ್ಲಿ 24 ಜನರಿಗೇ ಇದು ತಗುಲಿತ್ತು. ಇಲಿ ಮೂತ್ರ ಬೆರೆತ ರಸ್ತೆಬದಿಯ ನೀರಿಗೆ ನಾಯಿ ಬಾಯಿ ಹಾಕಿದರೆ ಸಾಕು, ಮೂತ್ರಪಿಂಡ, ಯಕೃತ್ತು ಎರಡೂ ಕೆಡಬಹುದು. ನಿಮ್ಮಿಷ್ಟ ಎಂಬ ಪಟ್ಟಿಯಲ್ಲಿದ್ದ ಈ ಲಸಿಕೆಯನ್ನು ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘ 2024ರಲ್ಲಿ ಎಲ್ಲ ನಾಯಿಗಳಿಗೂ ಬೇಕಾದವುಗಳ ಸಾಲಿಗೆ ಸೇರಿಸಿತು.

ಮಂಗನ ಕಾಯಿಲೆಯ ಸೊರಬ-ಸಾಗರ ಸೀಮೆಯವರಿಗೆ ಉಣ್ಣಿ ಎಂದರೇನೆಂದು ವಿವರಿಸಬೇಕಿಲ್ಲ. ಇಲ್ಲಿನ ಜಿಂಕೆ ಉಣ್ಣಿ ಲೈಮ್ ರೋಗ ಹರಡುತ್ತದೆ. ರೋಗಕ್ಕೆ ಹೆಸರು ಕೊಟ್ಟ ಲೈಮ್ ಊರು ಪಕ್ಕದ ಕನೆಟಿಕಟ್‌ನಲ್ಲಿದೆ, ನ್ಯೂಜೆರ್ಸಿಯ ಕಾಡಂಚಿನ ಹಿತ್ತಲುಗಳೆಲ್ಲ ಅದರ ಸೀಮೆಯೇ. ತಮಾಷೆಯೆಂದರೆ ನಾಯಿಗೆ ಲೈಮ್ ಲಸಿಕೆ ಇದೆ, ಯಜಮಾನನಿಗೆ ಇಲ್ಲ. ಮನುಷ್ಯರಿಗೆಂದು ಬಂದದ್ದನ್ನು ಕಂಪನಿ 2002ರಲ್ಲೇ ವಾಪಸ್ ಪಡೆಯಿತು. ಜರ್ಸಿ ಸಿಟಿಯ ಇಪ್ಪತ್ತನೇ ಮಹಡಿಯ ಪಮರೇನಿಯನ್‌ಗೆ ಈ ಲಸಿಕೆ ಅಗತ್ಯವೇ ಎಂದು ಪ್ರಶ್ನಿಸಬಹುದು. ವಾರಾಂತ್ಯಕ್ಕೆ ಬೆಟ್ಟ ಹತ್ತುವ ಲ್ಯಾಬ್ರಡಾರ್‌ಗೆ ಪ್ರಶ್ನೆಯೇ ಬೇಡ. ಲಸಿಕೆ ಹಾಕಿಸಿದರೂ ಉಣ್ಣಿಯ ಔಷಧಿ ತಪ್ಪಿಸುವಂತಿಲ್ಲ.

ಬೆಕ್ಕಿಗೆ ಬೇಕಾದ್ದು ಕಡಿಮೆ. ಪ್ಯಾನ್‌ಲ್ಯೂಕೋಪೀನಿಯಾ, ಹರ್ಪಿಸ್, ಕ್ಯಾಲಿಸಿ ಮೂರಕ್ಕೂ ಸೇರಿ ಒಂದು, ರೇಬಿಸ್‌ಗೆ ಒಂದು. ಲ್ಯುಕೀಮಿಯಾ ಲಸಿಕೆ ಮರಿಗಳಿಗೆ ಮತ್ತು ಹೊರಗೆ ಅಲೆಯುವವಕ್ಕೆ. 1991ರಲ್ಲಿ ಫಿಲಡೆಲ್ಫಿಯಾದ ಪಶುರೋಗತಜ್ಞರು ಬೆಕ್ಕುಗಳಲ್ಲಿ ಚುಚ್ಚಿದ ಜಾಗದಲ್ಲೇ ಗಡ್ಡೆ ಬೆಳೆಯುವುದನ್ನು ಗುರುತಿಸಿದರು. ಇದು ತೀರ ಅಪರೂಪ. ಆದರೂ ಅಂದಿನಿಂದ ರೇಬಿಸ್ ಸೂಜಿಯನ್ನು ಬಲ ಹಿಂಗಾಲಿಗೆ, ಲ್ಯುಕೀಮಿಯಾದ್ದನ್ನು ಎಡ ಹಿಂಗಾಲಿಗೆ, ಆದಷ್ಟು ಕೆಳಗೆ ಹಾಕುವ ರೂಢಿ ಬಂತು. ಗಡ್ಡೆ ಬಂದರೆ ಕಾಲನ್ನಾದರೂ ತೆಗೆದು ಬೆಕ್ಕನ್ನು ಉಳಿಸಬಹುದು ಎಂಬ ನಿಷ್ಠುರ ಲೆಕ್ಕ ಅದರ ಹಿಂದಿದೆ. ಸೂಜಿಯ ನಂತರ ಒಂದು ದಿನ ಮಂಕಾಗಿರುವುದು ಸಹಜ. ಮುಖ ಊದಿದರೆ, ಪದೇ ಪದೇ ವಾಂತಿಯಾದರೆ ತಡಮಾಡದೆ ವೆಟ್ ಬಳಿ ಓಡಬೇಕು.

ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೊರಡುವವರು ನಾಯಿಯನ್ನು ಬೋರ್ಡಿಂಗಿನಲ್ಲಿ ಬಿಡುವುದಾದರೆ ಅಲ್ಲಿ ನಾಯಿಕೆಮ್ಮಿನ ಬಾರ್ಡಟೆಲಾ ಲಸಿಕೆ ಕೇಳುತ್ತಾರೆ, ಕೆಲವೆಡೆ ನಾಯಿ ಫ್ಲೂ ಲಸಿಕೆಯನ್ನೂ. ಫ್ಲೂ ಲಸಿಕೆ ಎರಡು ಕಂತಿನದು, ನಡುವೆ ಎರಡರಿಂದ ನಾಲ್ಕು ವಾರ ಬೇಕು. ಹೊರಡುವ ವಾರ ಫೋನು ಮಾಡಿದರೆ ಪ್ರಯೋಜನವಿಲ್ಲ.

ನಾಯಿಯನ್ನೇ ಜೊತೆಗೆ ಒಯ್ಯುವವರು ಇನ್ನೂ ಹುಷಾರಾಗಿರಬೇಕು. ಸಿಡಿಸಿಯ ಪಟ್ಟಿಯಲ್ಲಿ ಭಾರತ ನಾಯಿ ರೇಬಿಸ್ಸಿನ ಅಪಾಯ ಹೆಚ್ಚಿರುವ ದೇಶ. 2024ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಅಲ್ಲಿಂದ ಅಮೆರಿಕಕ್ಕೆ ಬರುವ ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಕ್ರೊಚಿಪ್ ಇರಬೇಕು. ಭಾರತದಲ್ಲಿ ಲಸಿಕೆ ಪಡೆದ ನಾಯಿಯಾದರೆ ಸಿಡಿಸಿ ಒಪ್ಪಿದ ಪ್ರಯೋಗಾಲಯದಿಂದ ಪ್ರತಿಕಾಯದ ರಕ್ತಪರೀಕ್ಷೆ ಬೇಕು. ಮೊದಲ ಲಸಿಕೆಯಾಗಿ 30 ದಿನ ಕಳೆದ ಮೇಲೆ, ಪ್ರಯಾಣಕ್ಕೆ 28 ದಿನ ಮೊದಲೇ ರಕ್ತ ತೆಗೆದಿರಬೇಕು. ಇಲ್ಲದಿದ್ದರೆ ಮಾಲೀಕರ ಖರ್ಚಿನಲ್ಲಿ 28 ದಿನ ದಿಗ್ಬಂಧನ. ಇಂಥ ನಾಯಿ ಇಳಿಯಬೇಕಾದ್ದು ನೋಂದಾಯಿತ ಪ್ರಾಣಿ ಕೇಂದ್ರವಿರುವ ನಿಲ್ದಾಣದಲ್ಲಿ. ನ್ಯೂಯಾರ್ಕಿನ ಜೆಎಫ್‌ಕೆ ಅಂಥದು, ನ್ಯೂಅರ್ಕ್ ಅಲ್ಲ. ಅಮೆರಿಕದಲ್ಲೇ ಲಸಿಕೆ ಪಡೆದ ನಾಯಿ ಊರಿಗೆ ಹೋಗಿ ಮರಳುವುದಾದರೆ ದಾರಿ ಸುಲಭ, ಆದರೆ ಲಸಿಕೆಯ ಪ್ರಮಾಣಪತ್ರಕ್ಕೆ ಇಲ್ಲಿನ ಕೃಷಿ ಇಲಾಖೆಯ ಮುದ್ರೆ ನಾಯಿ ದೇಶ ಬಿಡುವ ಮೊದಲೇ ಬಿದ್ದಿರಬೇಕು. ಬಸವನಗುಡಿಯಲ್ಲಿ ಕೂತು ಅದನ್ನು ಮಾಡಿಸಲಾಗದು. ವಿಮಾನದ ಟಿಕೆಟ್ ಕೊಳ್ಳುವ ಮೊದಲು ವೆಟ್‌ಗೆ ಒಂದು ಫೋನು ಮಾಡಿ.