ಹಳೇ ಡೀಸೆಲ್ ಎಸ್‌ಯುವಿ ದಾನ ಕೊಡ್ತೀರಾ? ಕೀ ಕೊಡೋ ಮುಂಚೆ ಆರ್‌ಸಿ ಕಡೆ ನೋಡಿ

ಶಿವಾಜಿನಗರ: ಕಮರ್ಷಿಯಲ್ ಸ್ಟ್ರೀಟ್, ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ಜ್ಯುವೆಲರ್ಸ್ ಸ್ಟ್ರೀಟ್ ಸುತ್ತಮುತ್ತ ಬೈಕ್ ನಿಲ್ಲಿಸೋಕೇ ಜಾಗ ಸಿಗಲ್ಲ. ಅಂಥದ್ರಲ್ಲಿ ಹಳೇ ಸ್ಕಾರ್ಪಿಯೋ, ಕ್ವಾಲಿಸ್ ಇಟ್ಟುಕೊಂಡವರ ಪಾಡು ಕೇಳೋದೇ ಬೇಡ. ಒಂದು ಕಾಲಕ್ಕೆ ಬಟ್ಟೆ ಬಂಡಲ್ ತಂದ, ಮನೆಯವರನ್ನೆಲ್ಲ ಊರಿಗೆ ಕರ್ಕೊಂಡು ಹೋದ ಗಾಡಿ ಈಗ ಧೂಳು ಹಿಡಿದು ನಿಂತಿರುತ್ತೆ. 'ಯಾವುದಾದ್ರೂ ಅನಾಥಾಶ್ರಮಕ್ಕೆ ಕೊಟ್ಟುಬಿಡೋಣ, ಪುಣ್ಯನೂ ಬರುತ್ತೆ, ಟ್ಯಾಕ್ಸೂ ಉಳಿಯುತ್ತೆ' ಅಂತ ಯೋಚನೆ ಬರೋದು ಸಹಜ.

ಪುಣ್ಯದ ಲೆಕ್ಕ ಅವರವರಿಗೆ ಬಿಟ್ಟಿದ್ದು. ಟ್ಯಾಕ್ಸ್ ಮಾತ್ರ ಉಳಿಯಲ್ಲ. ಆದಾಯ ತೆರಿಗೆಯಲ್ಲಿ 80ಜಿ ಅಂತ ಎಲ್ಲರೂ ಕರೆಯೋ ರಿಯಾಯಿತಿ ಸಿಗೋದು ಹಣವಾಗಿ ಕೊಟ್ಟ ದಾನಕ್ಕೆ ಮಾತ್ರ. ಅಕ್ಕಿ ಮೂಟೆ, ಬಟ್ಟೆ, ಗಾಡಿ ಯಾವುದೂ ಲೆಕ್ಕಕ್ಕೆ ಬರಲ್ಲ. ಹಣದಲ್ಲೂ ನಗದು 2,000 ರೂ. ದಾಟಿದರೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಈ ಸೌಲಭ್ಯವೇ ಇಲ್ಲ.

ಅಮೆರಿಕದಲ್ಲಿರೋ ಮಕ್ಕಳು 'ಇಲ್ಲಿ ಫೋನ್ ಮಾಡಿದರೆ ಸಂಸ್ಥೆಯವರೇ ಬಂದು ಹಳೇ ಕಾರು ಎಳ್ಕೊಂಡು ಹೋಗ್ತಾರೆ' ಅಂತ ಹೇಳಿರಬಹುದು. ನಿಜ. ಅಲ್ಲಿ ಕಾರನ್ನು ಮಾರಿ ಬಂದ ಹಣ ಸಂಸ್ಥೆಗೆ, ರಸೀದಿ ದಾನಿಗೆ. ಅಲ್ಲೂ 2005ರಿಂದ ಹೆಚ್ಚಿನ ಸಂದರ್ಭದಲ್ಲಿ ಕಾರು ಮಾರಾಟವಾದ ಬೆಲೆಯಷ್ಟಕ್ಕೇ ರಿಯಾಯಿತಿ. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ.

ತೆರಿಗೆಗಿಂತ ದೊಡ್ಡ ತಲೆನೋವು ಆರ್‌ಸಿಯದ್ದು. ಪರಿಚಯದ ಆಶ್ರಮ, ನಂಬಿಕಸ್ಥರು ಅಂತ ಕೀ ಕೊಟ್ಟು ಬಂದ್ರೆ ಗಾಡಿ ಕೈಬಿಟ್ಟ ಹಾಗೆ ಆಗಲ್ಲ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿ, ಆರ್‌ಸಿ ಮಾತ್ರ ಮೊದಲ ಮಾಲೀಕನ ಹೆಸರಲ್ಲೇ ಉಳಿದಿದ್ದ ಕಾರೊಂದು 2009ರಲ್ಲಿ ಅಪಘಾತ ಮಾಡಿತ್ತು. ಜೀವವೂ ಹೋಗಿತ್ತು. ಪರಿಹಾರ ಯಾರು ಕೊಡಬೇಕು ಅನ್ನೋದು ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 2018ರ ಫೆಬ್ರವರಿಯಲ್ಲಿ ಬಂದ ತೀರ್ಪು: ಆರ್‌ಸಿಯಲ್ಲಿ ಹೆಸರಿದ್ದವನೇ ಕೊಡಬೇಕು. ಆತ ಕಾರು ಮಾರಿ ವರ್ಷಗಳೇ ಕಳೆದಿದ್ದವು. ದುಡ್ಡು ತಗೊಂಡು ಮಾರಿದವನಿಗೇ ಈ ಗತಿ ಆದಮೇಲೆ ಪುಕ್ಕಟೆ ಕೊಟ್ಟವರಿಗೆ ವಿನಾಯಿತಿ ಇರುತ್ತಾ?

ಹಾಗಾಗಿ ದಾನ ಕೊಟ್ಟರೂ ಮಾರಾಟದಷ್ಟೇ ಕಾಗದ ಪತ್ರ ಆಗಲೇಬೇಕು. ಗಾಡಿ ಕೊಟ್ಟವರು 14 ದಿನದೊಳಗೆ ಫಾರಂ 29 ಮೂಲಕ ಆರ್‌ಟಿಒಗೆ ತಿಳಿಸಬೇಕು. ಪಡೆದ ಸಂಸ್ಥೆ ಫಾರಂ 30 ಹಾಕಿ 30 ದಿನದೊಳಗೆ ತನ್ನ ವ್ಯಾಪ್ತಿಯ ಆರ್‌ಟಿಒದಲ್ಲಿ ಹೆಸರು ಬದಲಿಗೆ ಅರ್ಜಿ ಕೊಡಬೇಕು. ಆರ್‌ಸಿ ಟ್ರಸ್ಟ್ ಹೆಸರಿಗೆ ಆಗ್ಬೇಕು, ಅಲ್ಲಿನ ಮ್ಯಾನೇಜರ್ ಹೆಸರಿಗಲ್ಲ. ಹಳೇ ಸಾಲ ತೀರಿದ್ರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರೋದು ಬಹಳ ಕಾಮನ್. ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ಅದನ್ನು ಮೊದಲು ತೆಗೆಸಿ. ಟ್ರಾಫಿಕ್ ದಂಡ ಬಾಕಿ ಇದ್ರೆ ಕಟ್ಟಿ. ಆಶ್ರಮ ಹೊಸೂರಿನಲ್ಲಿದ್ದರೆ ಅದು ತಮಿಳುನಾಡು, ಇಲ್ಲಿಂದ ಫಾರಂ 28ರ ಎನ್‌ಒಸಿ ಬೇಕು. ಗಾಡಿ ಅಂಗಡಿ ಅಥವಾ ಫರ್ಮ್ ಹೆಸರಲ್ಲಿದ್ದರೆ ಆಡಿಟರ್‌ಗೆ ಹೇಳದೆ ಕೈ ಬದಲಾಯಿಸಬೇಡಿ.

ಇಷ್ಟೆಲ್ಲ ಮಾಡೋ ಮುಂಚೆ ಆ ಸಂಸ್ಥೆಗೆ ಗಾಡಿ ನಿಜವಾಗ್ಲೂ ಬೇಕಾ ಅಂತ ಕೇಳಿ. ದೆಹಲಿ ಕಡೆಯ ಹಾಗೆ ಡೀಸೆಲ್ ಗಾಡಿಗೆ 10 ವರ್ಷದ ಮಿತಿ ಕರ್ನಾಟಕದಲ್ಲಿಲ್ಲ. ಆದರೆ 15 ವರ್ಷ ಆದಮೇಲೆ ಆರ್‌ಸಿ ನವೀಕರಿಸಬೇಕು. ಕಾರಿಗೆ 600 ರೂ. ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಗಿದೆ. 20 ವರ್ಷ ದಾಟಿದ್ರೆ 2025ರ ಆಗಸ್ಟ್‌ನಿಂದ 10,000 ರೂ. ಇದರ ಮೇಲೆ ಹಸಿರು ತೆರಿಗೆ, ಎಮಿಷನ್ ಟೆಸ್ಟ್, ಇನ್ಶೂರೆನ್ಸ್, ಡ್ರೈವರ್ ಸಂಬಳ. ಡೀಸೆಲ್ ಇಂಜೆಕ್ಟರ್ ಕೈಕೊಟ್ಟರಂತೂ ಆಶ್ರಮದ ಒಂದು ತಿಂಗಳ ರೇಷನ್ ಖರ್ಚು ಅಲ್ಲಿಗೇ ಹೋಗುತ್ತೆ. ಬಿಎಸ್-6 ಡೀಸೆಲ್ ಆದ್ರೆ ಇನ್ನೊಂದು ಪೇಚು. ಬರೀ ಮಾರ್ಕೆಟ್, ಆಸ್ಪತ್ರೆ ಅಂತ ಹತ್ತಿರದಲ್ಲೇ ಓಡಿಸ್ತಾ ಇದ್ದರೆ ಹೊಗೆ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಆಗಾಗ ಹೈವೇ ಓಟ ಬೇಕು. 'ಆಂಬುಲೆನ್ಸ್ ಮಾಡ್ಕೊಳ್ಲಿ' ಅನ್ನೋದೂ ಸುಲಭದ ಮಾತಲ್ಲ. ಆಂಬುಲೆನ್ಸ್‌ಗೆ ಎಐಎಸ್-125 ಅನ್ನೋ ಮಾನದಂಡ ಇದೆ, ಆರ್‌ಟಿಒ ಒಪ್ಪಿಗೆ ಇಲ್ಲದೆ ಗಾಡಿ ರೂಪ ಬದಲಿಸೋ ಹಾಗಿಲ್ಲ.

ಓಡೋ ಗಾಡಿ, ಹೊರವಲಯದ ದೊಡ್ಡ ಆಶ್ರಮ, ಅಲ್ಲೊಬ್ಬ ಡ್ರೈವರ್ ಇದ್ದಾನೆ ಅಂದ್ರೆ ಖಂಡಿತ ಕೊಡಿ. ಉಳಿದವರಿಗೆ ಗಾಡಿ ಮಾರಿ ಹಣ ಕೊಡೋದೇ ಒಳ್ಳೇದು. ಒಂದೂವರೆ ಲಕ್ಷಕ್ಕೆ ಹೋಯ್ತು ಅಂದುಕೊಳ್ಳಿ. ಆ ಹಣ ಚೆಕ್‌ನಲ್ಲೋ ಯುಪಿಐನಲ್ಲೋ 80ಜಿ ನೋಂದಣಿ ಇರೋ ಟ್ರಸ್ಟ್‌ಗೆ ಹೋದರೆ, ಹಳೇ ತೆರಿಗೆ ಪದ್ಧತಿಯಲ್ಲಿ ಸಾಮಾನ್ಯವಾಗಿ ಅದರ ಅರ್ಧ, ಅಂದ್ರೆ 75,000 ರೂ., ಮಿತಿಗೆ ಒಳಪಟ್ಟು ಆದಾಯದಿಂದ ಕಳೆಯಬಹುದು.

ಓಡದ ಗಾಡಿಯನ್ನ ಶಿವಾಜಿನಗರದ ಗುಜರಿಗೆ ತಳ್ಳೋದು ಇಲ್ಲಿನವರಿಗೆ ಹಳೇ ರೂಢಿ. ಬಿಚ್ಚಿದ ಗಾಡಿಯ ನಂಬರ್, ಚಾಸಿ ಬೇರೆಲ್ಲೋ ಓಡಿದ್ರೆ ಪೊಲೀಸರು ಬರೋದು ಆರ್‌ಸಿ ಮಾಲೀಕರ ಮನೆಗೇ. ಸರ್ಕಾರದ ನೋಂದಣಿ ಇರೋ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತೆ, ಆರ್‌ಸಿ ರದ್ದಾಗುತ್ತೆ. ಗುಜರಿ ಬೆಲೆ ಬಂದಷ್ಟನ್ನು ಆಶ್ರಮಕ್ಕೆ ಕಳಿಸಬಹುದು.

ಕೊನೆಗೆ ಮರೆಯೋ ಎರಡು ವಿಷಯ. ಕೀ ಕೊಡೋ ದಿನವೇ ಫಾಸ್ಟ್ಯಾಗ್ ಮುಚ್ಚಿಸಿ, ಇಲ್ಲದಿದ್ರೆ ಟೋಲ್ ಹಣ ನಿಮ್ಮ ಖಾತೆಯಿಂದಲೇ ಹೋಗ್ತಿರುತ್ತೆ. ಇನ್ಶೂರೆನ್ಸ್‌ನ ನೋ ಕ್ಲೇಮ್ ಬೋನಸ್ ಗಾಡಿ ಜೊತೆ ಹೋಗಲ್ಲ, ಮಾಲೀಕರದ್ದೇ. ಕಂಪನಿಯಿಂದ ಪತ್ರ ತಗೊಂಡ್ರೆ 3 ವರ್ಷದೊಳಗೆ ಹೊಸ ಕಾರಿಗೆ ಬಳಸ್ಕೋಬಹುದು.