ಬಸ್ಸು ಸರಿದ ಮೇಲೆ

ಅಮೆರಿಕದ ಯಾವುದೋ ಸಣ್ಣ ಊರಿನ ಒಂದು ಬೀದಿ. ವಾರದ ಹಿಂದೆ ಸೋರುವ ಮಾಡೂ ಬಿರುಕು ಬಿಟ್ಟ ಗೋಡೆಗಳೂ ಇದ್ದ ಮನೆಯೊಂದು ನಿಂತಿದ್ದ ಜಾಗದಲ್ಲಿ ಈಗ ಹೊಸ ಸೌಧವೊಂದು ಮೇಲೆದ್ದಿದೆ. ಆದರೆ ಅದು ಮನೆಯವರ ಕಣ್ಣಿಗೆ ಬೀಳದಂತೆ ಅದರೆದುರಿಗೆ ಒಂದು ಭಾರಿ ಬಸ್ಸನ್ನು ಅಡ್ಡಲಾಗಿ ನಿಲ್ಲಿಸಿದ್ದಾರೆ. ಬಸ್ಸಿನ ಈಚೆಗೆ, ಏಳು ದಿನಗಳನ್ನು ದೂರದ ವಿಹಾರಸ್ಥಾನವೊಂದರಲ್ಲಿ ಕಳೆದು ಆಗತಾನೆ ಮರಳಿದ ಮನೆಯವರು ಒಬ್ಬರ ಕೈಯನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಅವರ ಬೆನ್ನಿಗೆ, ಬೀದಿಯ ಇಕ್ಕೆಲಗಳಲ್ಲೂ, ನೂರುಗಟ್ಟಲೆ, ಕೆಲವು ಊರುಗಳಲ್ಲಿ ಸಾವಿರಗಟ್ಟಲೆ ಜನ. ‘ಬಸ್ಸನ್ನು ಸರಿಸಿರಿ’ ಎಂದು ಆ ಜನಸ್ತೋಮವೆಲ್ಲ ಒಕ್ಕೊರಲಿನಿಂದ ಕೂಗುತ್ತದೆ, ಬಸ್ಸು ಸರಿಯುತ್ತದೆ, ಮನೆಯೊಡತಿ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಾಳೆ, ವಾರದ ಹಿಂದಿನವರೆಗೆ ಅವಳ ಹೆಸರನ್ನೇ ಕೇಳಿರದಿದ್ದ ಬಡಗಿಯೊಬ್ಬ ಜನರ ನಡುವೆ ನಿಂತು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾನೆ.

‘ಎಕ್ಸ್‌ಟ್ರೀಮ್ ಮೇಕ್‌ಓವರ್: ಹೋಮ್ ಎಡಿಷನ್’ ಎಂಬ ಹೆಸರಿನಿಂದ ಎಬಿಸಿ ವಾಹಿನಿಯು 2003ರ ಡಿಸೆಂಬರಿನಿಂದ 2012ರ ಜನವರಿಯವರೆಗೆ ಪ್ರಸಾರ ಮಾಡಿದ ದೂರದರ್ಶನ ಕಾರ್ಯಕ್ರಮದಲ್ಲಿ ಈ ದೃಶ್ಯವು ಊರಿಂದೂರಿಗೆ ಮರುಕಳಿಸುತ್ತಿದ್ದಿತು. ಮರಗೆಲಸ ಬಲ್ಲ ಟೈ ಪೆನ್ನಿಂಗ್‌ಟನ್ ಅದರ ನಿರೂಪಕ. ರೋಗದಿಂದಲೋ, ಅಪಘಾತದಿಂದಲೋ, ಮನೆಯ ಯಜಮಾನನ ಮರಣದಿಂದಲೋ ಕಂಗೆಟ್ಟು, ಆದರೂ ಪರೋಪಕಾರವನ್ನು ಬಿಡದ ಒಂದು ಕುಟುಂಬವನ್ನು ಆಯ್ದುಕೊಂಡು, ಅವರ ಹಳೆಯ ಮನೆಯನ್ನು ಬಹುಮಟ್ಟಿಗೆ ಕೆಡವಿಹಾಕಿ, ಸಾಧಾರಣವಾಗಿ ನಾಲ್ಕಾರು ತಿಂಗಳು ಹಿಡಿಯುವ ಕೆಲಸವನ್ನು ಏಳು ದಿನಗಳೊಳಗೆ ಮುಗಿಸಿ, ಹೊಸ ಮನೆಯನ್ನು ಉಚಿತವಾಗಿ ಅವರ ಕೈಗಿಡುವುದು ಅದರ ಕ್ರಮವಾಗಿದ್ದಿತು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಿಟ್ಟುಸಿರು ಬಿಡುವ ನಮ್ಮವರಿಗೆ ಈ ಏಳು ದಿನಗಳ ಲೆಕ್ಕವು ಮಾಯಾಬಜಾರಿನ ಮಾತಿನಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಆ ಮಾಯೆಯ ಹಿಂದೆ ಇದ್ದದ್ದು ಊರಿನ ಜನ. ಆಯಾ ಪ್ರದೇಶದ ಕಟ್ಟಡ ನಿರ್ಮಾಪಕನೊಬ್ಬನು ಹೊಣೆ ಹೊತ್ತು ತನ್ನ ಪರಿಚಯದ ಗಾರೆಯವರು, ಬಡಗಿಗಳು, ನಳದ ಕೆಲಸದವರು, ವಿದ್ಯುತ್ತಿನ ಕೆಲಸದವರು ಎಲ್ಲರನ್ನೂ ಕರೆದು ತರುತ್ತಿದ್ದನು. ಮರ, ಸಿಮೆಂಟು, ಕಿಟಕಿ, ಬಣ್ಣ ಇವನ್ನೆಲ್ಲ ಬಹುಪಾಲು ವರ್ತಕರು ದಾನವಾಗಿ ಕೊಡುತ್ತಿದ್ದರು. ಹಗಲಿರುಳೆನ್ನದೆ ಪಾಳಿಯ ಮೇಲೆ ಕೆಲಸ ನಡೆಯುತ್ತಿತ್ತು. ಕಸುಬು ತಿಳಿಯದವರು ಕಸ ಹೊರುತ್ತಿದ್ದರು, ಊಟ ಬಡಿಸುತ್ತಿದ್ದರು, ಗಿಡ ನೆಡುತ್ತಿದ್ದರು. ನೆರೆಹೊರೆಯವರು ರಾತ್ರಿಯೆಲ್ಲ ಉರಿಯುವ ಪ್ರಖರ ದೀಪಗಳನ್ನೂ, ಸುತ್ತಿಗೆಯ ಸದ್ದನ್ನೂ, ಮುಚ್ಚಿದ ರಸ್ತೆಯನ್ನೂ ಒಂದು ವಾರ ಸಹಿಸಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಒಂದೇ ಬೀದಿಯಲ್ಲಿದ್ದರೂ ಕಾರಿನ ಗಾಜಿನೊಳಗಿಂದ ತಲೆಯಾಡಿಸುವುದನ್ನು ಬಿಟ್ಟರೆ ಬೇರೆ ಬಳಕೆಯಿಲ್ಲದ ಜನಕ್ಕೆ ಒಂದು ವಾರದ ಮಟ್ಟಿಗೆ ಒಟ್ಟಾಗಿ ದುಡಿಯುವ ಭಾಗ್ಯ ಲಭಿಸುತ್ತಿದ್ದಿತು. ಕಡೆಯ ದಿನ ಅವರು ಸುರಿಸುತ್ತಿದ್ದ ಕಣ್ಣೀರನ್ನು ಕ್ಯಾಮೆರಾದ ಮುಂದಿನ ಅಭಿನಯವೆಂದು ತಳ್ಳಿಹಾಕುವವರನ್ನು ನಾನು ಬಲ್ಲೆ. ಅವರ ಮಾತನ್ನು ನಾನು ಒಪ್ಪಲಾರೆ. ತಾನು ಎತ್ತಿ ನಿಲ್ಲಿಸಿದ ಗೋಡೆಯೊಳಗೆ ಪರರ ಮಗುವೊಂದು ಮೊದಲ ಬಾರಿಗೆ ಕಾಲಿಡುವುದನ್ನು ಕಂಡವನ ಆನಂದಕ್ಕೆ ಯಾರ ಪ್ರೇರಣೆಯೂ ಬೇಕಿಲ್ಲ.

ಆದರೆ ಅದೇ ಬೀದಿಯಲ್ಲಿ ಎರಡನೆಯ ದನಿಯೊಂದೂ ಹುಟ್ಟುತ್ತಿತ್ತು. ಜಗತ್ತಿನ ಯಾವ ಊರಿನಲ್ಲಿಯೂ ಕಷ್ಟವು ಒಂದೇ ಮನೆಯ ಸೊತ್ತಲ್ಲ. ಮೂರು ಮನೆಯಾಚೆ ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುತ್ತ, ಸೋರುವ ಮಾಡಿನಡಿಯಲ್ಲೇ ಬಾಳುವ ಮತ್ತೊಬ್ಬಳಿರುತ್ತಾಳೆ. ಅವಳನ್ನು ಬಿಟ್ಟು ಇವಳೇ ಏಕೆ? ‘ಅರ್ಹ ಕುಟುಂಬ’ ಎಂಬ ಪದವು ಕೇಳಲು ಎಷ್ಟು ಮಂಗಳಕರವೋ ಒಳಗೆ ಅಷ್ಟೇ ಮುಳ್ಳುಳ್ಳದ್ದು. ಒಬ್ಬರನ್ನು ಅರ್ಹರೆಂದು ಕರೆದ ಕ್ಷಣವೇ ಕರೆಯದೆ ಉಳಿದವರೆಲ್ಲರ ಮೇಲೂ ಒಂದು ತೀರ್ಪು ಬಿದ್ದಂತಾಗುತ್ತದೆ. ಅದೂ ಅಲ್ಲದೆ ದೂರದರ್ಶನದ ಆಯ್ಕೆಗೆ ಅದರದೇ ಒಂದು ಹಸಿವಿರುತ್ತದೆ: ನೋಡುಗನ ಕರುಳನ್ನು ಕಲಕುವ ಕಥೆ ಅದಕ್ಕೆ ಬೇಕು. ಇಂಥಿಂಥ ಅಪೂರ್ವ ವ್ಯಾಧಿಗಳಿಂದ ನರಳುವ ಮಕ್ಕಳುಳ್ಳ ಕುಟುಂಬಗಳನ್ನು ಹುಡುಕಿಕೊಡಿರೆಂದು ವಾಹಿನಿಯ ಕಡೆಯಿಂದ ಹೊರಟ ಮಿಂಚಂಚೆಯೊಂದು 2006ರಲ್ಲಿ ಬಯಲಾದಾಗ ಅನೇಕರು ನೊಂದುಕೊಂಡರು. ಹೇಳಿಕೊಳ್ಳಲು ಕಥೆಯಿಲ್ಲದ, ಬರಿಯ ಬಡತನ ಮಾತ್ರ ಇರುವ ಮನೆಯು ಅಂಥ ಆಯ್ಕೆಯಲ್ಲಿ ಹೇಗೆ ಮುಂದೆ ಬಂದೀತು?

ನಮ್ಮ ನಾಡಿನ ಗ್ರಾಮಸಭೆಗಳಲ್ಲಿ ಕುಳಿತವರಿಗೆ ಈ ಬೇಗುದಿ ಹೊಸದಲ್ಲ. ಆಶ್ರಯ ಮನೆಗಳ ಫಲಾನುಭವಿಗಳ ಪಟ್ಟಿಯನ್ನು ಓದುತ್ತಿರುವಾಗ ಹಿಂದಿನ ಸಾಲಿನಿಂದ ಎದ್ದು ಬರುವ ‘ನಮಗಿಂತ ಅವರಿಗೇನು ಕಮ್ಮಿಯಾಗಿತ್ತು?’ ಎಂಬ ಮಾತು ಎಷ್ಟು ಸಲ ಕೇಳಿಸಿಲ್ಲ! ಆ ಮಾತನ್ನು ಬರಿಯ ಹೊಟ್ಟೆಕಿಚ್ಚೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅದರ ಒಳಗೆ, ನನ್ನ ಕಷ್ಟವನ್ನೂ ಯಾರಾದರೂ ಕಂಡಿದ್ದಾರೆಯೇ ಎಂಬ ನ್ಯಾಯವಾದ ಆರ್ತತೆ ಇದೆ.

ಇನ್ನು ಮನೆಯ ಗಾತ್ರದ ಮಾತು. ಕಾರ್ಯಕ್ರಮವು ಜನಪ್ರಿಯವಾದಂತೆಲ್ಲ ಮನೆಗಳೂ ಬೆಳೆದವು. ಸಾಧಾರಣ ಮನೆಗಳ ಸಾಲಿನ ನಡುವೆ, ಸುತ್ತಲಿನ ಯಾವ ಮನೆಯನ್ನೂ ಹೋಲದ ಹರ್ಮ್ಯವೊಂದು ತಲೆಯೆತ್ತುತ್ತಿದ್ದಿತು. ಮನೆಯೇನೋ ಉಚಿತವಾಗಿ ಬಂದಿತು, ಆದರೆ ಮನೆಯಲ್ಲಿ ಬಾಳುವುದು ಉಚಿತವಲ್ಲ. ಅಮೆರಿಕದಲ್ಲಿ ಆಸ್ತಿತೆರಿಗೆಯನ್ನು ಮನೆಯ ಬೆಲೆಗೆ ಅನುಗುಣವಾಗಿ ಸ್ಥಳೀಯ ಆಡಳಿತವೇ ಗೊತ್ತುಮಾಡುತ್ತದೆ; ಬೆಲೆ ಏರಿದೊಡನೆ ತೆರಿಗೆಯೂ ಏರುತ್ತದೆ; ದೊಡ್ಡ ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗೂ ಬೇಸಗೆಯಲ್ಲಿ ತಂಪಾಗಿಯೂ ಇಡುವ ವಿದ್ಯುತ್ತಿನ ಖರ್ಚು ಬೇರೆ. ಮನೆಯೆಂಬ ಕೊಡುಗೆಯನ್ನೇ ಆದಾಯವೆಂದು ಎಣಿಸಿ ಕೇಂದ್ರದ ತೆರಿಗೆ ಬೀಳದಿರಲೆಂದು ಒಂದು ಉಪಾಯವನ್ನು ಮಾಡಿದ್ದರು: ವರ್ಷಕ್ಕೆ ಹದಿನೈದು ದಿನಗಳಿಗಿಂತ ಕಡಿಮೆ ಕಾಲ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟರೆ ಆ ಬಾಡಿಗೆ ಆದಾಯದ ಲೆಕ್ಕಕ್ಕೆ ಸೇರುವುದಿಲ್ಲವೆಂಬ ನಿಯಮವೊಂದು ಅಲ್ಲಿನ ಕಾನೂನಿನಲ್ಲಿದೆ; ನಿರ್ಮಾಣದ ಅವಧಿಯಲ್ಲಿ ಮನೆಯನ್ನು ಬಾಡಿಗೆಗೆ ಪಡೆದಂತೆ ಮಾಡಿ, ಹೊಸ ಕಟ್ಟಡವನ್ನೇ ಆ ಬಾಡಿಗೆಯೆಂದು ಎಣಿಸುತ್ತಿದ್ದರು. ಇದು ಸರಿಯೇ ಅಲ್ಲವೇ ಎಂದು ತೆರಿಗೆ ಪಂಡಿತರು ವಾದಿಸಿದರು. ಆದರೆ ವರ್ಷವರ್ಷವೂ ಬರುವ ಆಸ್ತಿತೆರಿಗೆಗೆ ಅಂಥ ಯಾವ ಉಪಾಯವೂ ಇರಲಿಲ್ಲ. ಕೆಲವು ಕುಟುಂಬಗಳು ಆ ಹೊರೆ ತಾಳಲಾರದೆ ಮನೆಯನ್ನು ಮಾರಿದವು. ಮುಂದೆ ಕಾರ್ಯಕ್ರಮದವರೇ ಮನೆಗಳ ಅಳತೆಯನ್ನು ತಗ್ಗಿಸಬೇಕಾಯಿತು.

ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಬಳಿ ನಡೆದ ಪ್ರಸಂಗವೊಂದು ಆ ದಿನಗಳಲ್ಲಿ ದೇಶವೆಲ್ಲ ಮಾತಾಯಿತು. 2005ರಲ್ಲಿ ಅಲ್ಲಿನ ಒಂದು ಪುಟ್ಟ ಊರಿನಲ್ಲಿ ಸುಮಾರು 1,800 ಮಂದಿ ಸ್ವಯಂಸೇವಕರು ದುಡಿದು, ಆ ವರೆಗೆ ಕಾರ್ಯಕ್ರಮವು ಕಟ್ಟಿದ್ದ ಮನೆಗಳಲ್ಲೆಲ್ಲ ದೊಡ್ಡದಾದ ಮನೆಯೊಂದನ್ನು ಕಟ್ಟಿಕೊಟ್ಟರು. ಆ ಕುಟುಂಬದವರು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕೆಂದು ಮನೆಯನ್ನು ಒತ್ತೆಯಿಟ್ಟು 4,50,000 ಡಾಲರ್ ಸಾಲ ತಂದು ಕಟ್ಟಡದ ವ್ಯವಹಾರಕ್ಕೆ ಕೈಹಾಕಿದರು, ವ್ಯವಹಾರ ಕುಸಿಯಿತು, 2008ರಲ್ಲಿ ಮನೆಯು ಹರಾಜಿಗೆ ಬಂದಿತೆಂದು ಪ್ರಕಟಣೆ ಹೊರಟಿತು. ಊರು ಕೆರಳಿತು. ಕಟ್ಟುವ ಕೆಲಸಕ್ಕೆ ತಾವೇ ಕೈಜೋಡಿಸಿದ್ದ ಆ ಊರಿನ ಮೇಯರ್, ಅಷ್ಟು ಜನರ ದುಡಿಮೆಯನ್ನು ಪೋಲುಮಾಡಿದರೆಂದು ಬಹಿರಂಗವಾಗಿಯೇ ಸಿಟ್ಟು ತೋಡಿಕೊಂಡರು.

ಆ ಸಿಟ್ಟಿನ ಬಗ್ಗೆ ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಮನೆ ಕಳೆದುಕೊಳ್ಳುತ್ತಿದ್ದವರ ಮೇಲೆ ಕಲ್ಲೆಸೆಯಲು ನನಗೆ ಮನಸ್ಸಿಲ್ಲ. ಅದು ಅಮೆರಿಕದ ಉದ್ದಗಲಕ್ಕೂ ಮನೆಸಾಲಗಳು ಮುಳುಗುತ್ತಿದ್ದ ವರ್ಷ, ಲಕ್ಷಾಂತರ ಕುಟುಂಬಗಳು ತಮ್ಮದೇ ಸಂಪಾದನೆಯ ಮನೆಗಳನ್ನೂ ಕಳೆದುಕೊಂಡವು. ಸ್ವಂತ ದುಡ್ಡಿನಿಂದ ಕಟ್ಟಿದ ಮನೆಯನ್ನು ಒಬ್ಬನು ಕಳೆದುಕೊಂಡರೆ ಊರು ‘ಅಯ್ಯೋ ಪಾಪ’ ಎನ್ನುತ್ತದೆ. ಊರು ಕಟ್ಟಿಕೊಟ್ಟ ಮನೆಯನ್ನು ಕಳೆದುಕೊಂಡರೆ ಊರಿಗೆ ತನ್ನದೇ ಏನೋ ಹೋದಂತಾಗುತ್ತದೆ. 1,800 ಮಂದಿ ಅಲ್ಲಿ ಬಿಟ್ಟು ಬಂದದ್ದು ಬರಿಯ ಶ್ರಮವನ್ನಲ್ಲ, ಒಂದು ಬಗೆಯ ಬಾಂಧವ್ಯವನ್ನು. ಆದರೆ ಆ ಬಾಂಧವ್ಯ ಒಂದೇ ದಿಕ್ಕಿಗೆ ಹರಿದು ನಿಂತಿದ್ದಿತು. ಕೊಟ್ಟವರು ಕೊಟ್ಟರು, ಪಡೆದವರು ಪಡೆದರು. ಪಡೆದವರು ಮರಳಿ ಕೊಡಲು ಯಾರೂ ಒಂದು ದಾರಿಯನ್ನು ತೆರೆದಿರಲಿಲ್ಲ. ಏಳು ದಿನ ಅವರನ್ನು ಊರಿನಿಂದ ಹೊರಗೆ, ಡಿಸ್ನಿ ವರ್ಲ್ಡ್‌ನಂಥ ಕಡೆಗೆ ಕಳುಹಿಸಿಬಿಡುತ್ತಿದ್ದ ಆ ಏರ್ಪಾಡಿನಲ್ಲೇ, ನನಗೆ ತೋರುವಂತೆ, ದೊಡ್ಡ ಲೋಪವಿದ್ದಿತು: ಸ್ವಂತ ಮನೆಗೆ ಒಂದು ಮೊಳೆ ಹೊಡೆಯುವ ಅವಕಾಶವನ್ನೂ ಅವರಿಂದ ಕಸಿದುಕೊಂಡಂತಾಯಿತು. ತೀರಿಸುವ ಬಗೆಯೇ ಇಲ್ಲದ ಋಣವನ್ನು ಹೊತ್ತವನು ಬೀದಿಯಲ್ಲಿ ಹೇಗೆ ತಲೆಯೆತ್ತಿ ನಡೆದಾನು? ಹೊಸ ಕಾರು ಕೊಂಡರೂ ಕಣ್ಣು, ಹಬ್ಬಕ್ಕೆ ದೀಪ ಹೆಚ್ಚು ಹಚ್ಚಿದರೂ ಕಣ್ಣು.

ನಮ್ಮ ಮಲೆನಾಡಿನ ಹಿರಿಯರು ಇದನ್ನು ‘ಮುಯ್ಯಿ’ ಎಂಬ ಒಂದು ಪುಟ್ಟ ಪದದಲ್ಲಿ ಬಗೆಹರಿಸಿಕೊಂಡಿದ್ದರು. ಮಾಡಿಗೆ ಅಡಿಕೆ ಸೋಗೆ ಹೊದೆಸುತ್ತಿದ್ದ ಕಾಲದಲ್ಲಿ, ಮಳೆ ಹಿಡಿಯುವ ಮುನ್ನ, ಹಳೆಯ ಸೋಗೆಯನ್ನು ಕಿತ್ತು ಹೊಸದನ್ನು ಕಟ್ಟುವ ಕೆಲಸ ಒಂದು ಮನೆಯವರಿಂದ ಆಗುವಂಥದಲ್ಲ. ನೆರೆಯವರು ಬರುತ್ತಿದ್ದರು, ಮಾಡಿನ ಮೇಲೆ ಕೆಲವರು, ಕೆಳಗಿನಿಂದ ಸೋಗೆ ಎತ್ತಿಕೊಡುವವರು ಕೆಲವರು. ಮನೆಯವರು ಊಟ ಹಾಕುತ್ತಿದ್ದರು. ಮರುದಿನವೋ ಮರುವಾರವೋ ಈ ಮನೆಯವರು ಆ ಮನೆಯ ಮಾಡು ಹತ್ತುತ್ತಿದ್ದರು. ಕೂಲಿಯಿಲ್ಲ, ದಾನವೂ ಅಲ್ಲ. ಅಮೆರಿಕದಲ್ಲಿಯೂ ಇದರ ಸೋದರಿಯೊಬ್ಬಳಿದ್ದಾಳೆ: ಪೆನ್ಸಿಲ್ವೇನಿಯಾ, ಒಹಾಯೊ ಮೊದಲಾದ ಕಡೆಗಳ ಆಮಿಶ್ ಪಂಥದ ರೈತರು, ಒಬ್ಬನ ಕೊಟ್ಟಿಗೆ ಸುಟ್ಟುಹೋದರೆ ನೂರಾರು ಜನ ಕೂಡಿ, ಹುಲ್ಲು ದವಸ ದನಕರುಗಳೆಲ್ಲ ಹಿಡಿಸುವ ಆ ಭಾರಿ ಮರದ ಕೊಟ್ಟಿಗೆಯ ಚೌಕಟ್ಟನ್ನು ಒಂದೇ ಹಗಲಿನಲ್ಲಿ ಎತ್ತಿ ನಿಲ್ಲಿಸುತ್ತಾರೆ. ಅಲ್ಲಿ ಯಾರು ಅರ್ಹರೆಂದು ಯಾರೂ ಕೇಳುವುದಿಲ್ಲ. ಇಂದು ಇವನ ಸರದಿ, ನಾಳೆ ಯಾರದೋ.

ಅದೇ ಜಾರ್ಜಿಯಾ ರಾಜ್ಯದ ನೆಲದಲ್ಲಿ ಈ ಮುಯ್ಯಿಯ ತತ್ತ್ವವನ್ನು ಬಡವರ ಮನೆಗೆ ಅಳವಡಿಸಿದ ಪ್ರಯತ್ನವೊಂದು ಹುಟ್ಟಿತೆಂಬುದು ನನಗೆ ಅತ್ಯಂತ ಸಮಾಧಾನದ ಸಂಗತಿ. ಅಮೆರಿಕಸ್ ಎಂಬ ಊರಿನ ಬಳಿ ಕ್ಲಾರೆನ್ಸ್ ಜೋರ್ಡನ್ ಮತ್ತು ಅವರ ಸಂಗಡಿಗರು 1942ರಲ್ಲಿ ಕೊಯ್ನೋನಿಯಾ ಎಂಬ ತೋಟವನ್ನು ಸ್ಥಾಪಿಸಿದರು. ಕರಿಯರೂ ಬಿಳಿಯರೂ ಅಲ್ಲಿ ಸಮಾನರಾಗಿ ದುಡಿದು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರೆಂಬ ಒಂದೇ ಕಾರಣಕ್ಕೆ 1950ರ ದಶಕದಲ್ಲಿ ಸುತ್ತಣ ಜನ ಅವರಿಗೆ ಬಹಿಷ್ಕಾರ ಹಾಕಿದರು, ಗುಂಡು ಹಾರಿಸಿದರು, ಬಾಂಬು ಎಸೆದರು. ನೆರೆಹೊರೆಯ ದ್ವೇಷವೆಂದರೇನೆಂಬುದನ್ನು ಅಷ್ಟು ಹತ್ತಿರದಿಂದ ಕಂಡ ಆ ನೆಲದಲ್ಲಿಯೇ, ತಮ್ಮ ಐಶ್ವರ್ಯವನ್ನು ತ್ಯಜಿಸಿ ಬಂದ ಮಿಲರ್ಡ್ ಫುಲ್ಲರ್ ಮತ್ತು ಲಿಂಡಾ ಫುಲ್ಲರ್ ದಂಪತಿಗಳು ಜೋರ್ಡನ್ನರ ಆಲೋಚನೆಯನ್ನು ಬೆಳೆಸಿ, 1976ರಲ್ಲಿ ‘ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ’ ಎಂಬ ಸಂಸ್ಥೆಯನ್ನು ಕಟ್ಟಿದರು. ಇಲ್ಲಿ ಮನೆ ಪೂರ್ಣ ಉಚಿತವಲ್ಲ. ಲಾಭವಿಲ್ಲದ ಬೆಲೆ, ಹೊರೆಯಾಗದ ಕಂತು. ಆ ಕಂತಿನ ಹಣ ಮತ್ತೊಬ್ಬರ ಮನೆಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮನೆ ಪಡೆಯುವವರು ನೂರಾರು ಗಂಟೆ ಸ್ವತಃ ದುಡಿಯಬೇಕು, ತಮ್ಮ ಮನೆಗೆ ಮಾತ್ರವಲ್ಲ, ಪಕ್ಕದವರ ಮನೆಗೂ. ಬೆವರಿನ ಬಂಡವಾಳ ಎಂಬ ಅರ್ಥದ ಮಾತೊಂದು ಅಲ್ಲಿ ಬಳಕೆಯಲ್ಲಿದೆ.

ಇಂಥ ಕಡೆಯೂ ಗೊಣಗಾಟವಿಲ್ಲವೆಂದಲ್ಲ. ಬಡವರ ಮನೆಗಳು ಬಂದರೆ ನಮ್ಮ ಮನೆಯ ಬೆಲೆ ಇಳಿದೀತೆಂದು ಆಕ್ಷೇಪಿಸಿದ ಬಡಾವಣೆಗಳಿವೆ. ಆದರೆ ಬರಲಿರುವ ನೆರೆಯವಳು ಶನಿವಾರ ಶನಿವಾರ ತಲೆಗೆ ಬಟ್ಟೆ ಕಟ್ಟಿಕೊಂಡು ಮತ್ತೊಬ್ಬರ ಗೋಡೆಗೆ ಬಣ್ಣ ಬಳಿಯುತ್ತಿರುವುದನ್ನು ಕಂಡ ಮೇಲೆ, ‘ಇವಳಿಗೇ ಏಕೆ’ ಎಂಬ ಪ್ರಶ್ನೆಯನ್ನು ಅಷ್ಟೇ ಕಟುವಾಗಿ ಕೇಳುವುದು ಯಾರಿಗೂ ಸುಲಭವಲ್ಲ.

ಅಮೆರಿಕಸ್‌ನಿಂದ ಹತ್ತಾರು ಮೈಲಿಯೊಳಗಿನ ಪ್ಲೇನ್ಸ್ ಎಂಬ ಹಳ್ಳಿಯವರಾದ, ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ಅವರ ಪತ್ನಿ ರೋಸಲಿನ್ 1984ರಿಂದ ಮೊದಲ್ಗೊಂಡು ಹೆಚ್ಚುಕಡಿಮೆ ಪ್ರತಿವರ್ಷವೂ ಒಂದು ವಾರ ಈ ಕೆಲಸಕ್ಕೆ ಸುತ್ತಿಗೆ ಹಿಡಿದು ಹೋಗುತ್ತಿದ್ದರು. 2006ರಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಲೋಣಾವಳದ ಬಳಿಗೂ ಬಂದು ನೂರು ಮನೆಗಳ ಕೆಲಸಕ್ಕೆ ಕೈಜೋಡಿಸಿದರು. 2019ರ ಅಕ್ಟೋಬರಿನಲ್ಲಿ, ತೊಂಬತ್ತೈದು ತುಂಬಿದ ವಾರದೊಳಗೆ, ಕಾರ್ಟರ್ ತಮ್ಮ ಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡರು. ಆದರೂ ಅದೇ ದಿನ ಟೆನ್ನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರಕ್ಕೆ ಹೋಗಿ, ಮರುದಿನ ಬೆಳಗ್ಗೆ, ಕಪ್ಪುಗಟ್ಟಿದ ಕಣ್ಣಿನೊಡನೆ, ಮನೆ ಪಡೆಯಲಿದ್ದವರ ಮಧ್ಯದಲ್ಲಿ ಕುಳಿತು ಕೆಲಸಕ್ಕೆ ತೊಡಗಿದರು. ಅಂದು ಅವರ ಪಾಲಿಗೆ ಬಂದದ್ದು ಮನೆಯ ಮುಂದಣ ಜಗಲಿಯ ಮರಗೆಲಸ. ಸಂಜೆ ಹೊತ್ತು ಮನೆಯವರು ಹೊರಗೆ ಬಂದು ಕುಳಿತು, ಬೀದಿಯಲ್ಲಿ ಹೋಗುವವರನ್ನು ಮಾತನಾಡಿಸುವ ಜಾಗ.